ನೀರಿಗೆ ಕೊಟ್ಟ ದಾರಿ

ಊರಿಗೆ ಇಂಟರ್ನೆಟ್ ಕೇಬಲ್ ಎಳೆಯುವ ಯೋಜನೆಯಲ್ಲಿ ಮೀಸಲು ಸುರುಳಿ ಅಂತ ಒಂದು ಇರುತ್ತದೆ. ಪಂಚಾಯಿತಿ ಕಚೇರಿಯಿಂದ ಶಾಲೆಗೆ, ಅಂಗನವಾಡಿಗೆ, ಹಾಲಿನ ಡೈರಿಗೆ, ಆಮೇಲೆ ಬೀದಿ ಹಿಡಿದು ಸಾಲು ಮನೆಗಳಿಗೆ ಅನ್ನುವ ಕ್ರಮ ಮೊದಲೇ ಗೊತ್ತಾಗಿರುತ್ತದೆ. ಅದಕ್ಕೆಲ್ಲ ಎಳೆದು ಮಿಕ್ಕುವ ಒಂದು ಸುರುಳಿಯನ್ನು ಮಾತ್ರ ಎತ್ತ ಎಳೆಯಬೇಕೆಂದು ಊರವರೇ ಸಭೆ ಸೇರಿ ತೀರ್ಮಾನಿಸಬೇಕು. ಆ ಸಭೆ ಕೂಡಿಸುವುದು, ಅದಕ್ಕೂ ಮುಂಚೆ ಊರೆಲ್ಲ ನಡೆದು ನಕ್ಷೆ ಮಾಡುವುದು ನನ್ನ ಕೆಲಸ. ಇಷ್ಟೇ ಇಷ್ಟು ಸುರುಳಿಗೆ ಎಷ್ಟು ಕಷ್ಟಪಡಬೇಕಾದೀತು ಅನ್ನುವುದು ಹಂದನಕೆರೆ ಸೀಮೆಯ ಒಂದು ಊರಿನಲ್ಲಿ ನನಗೆ ಗೊತ್ತಾಯಿತು.

ಆಗ ನಾನು ತಿಪಟೂರಿನಲ್ಲಿ, ಕೊಬ್ಬರಿ ಮಂಡಿಯೊಂದರ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಸಂಜೆವರೆಗೂ ನನ್ನ ಬಾಯಿಗೆ ಬಿಡುವಿಲ್ಲ. ಪಂಚಾಯಿತಿ ಸದಸ್ಯರ ಜೊತೆ ಮಾತು, ಡೈರಿಯವರ ಜೊತೆ ಮಾತು, ಕಂಬದ ಹತ್ತಿರ ನಿಂತರೆ ದನ ಹೊಡೆದುಕೊಂಡು ಹೋಗುವವರ ಜೊತೆಯೂ ಮಾತು. ಎಲ್ಲರೂ ಕೊನೆಗೆ ಕೇಳುವುದು ಒಂದೇ: "ಮನೆಯವ್ರು ಎಲ್ಲವ್ರೆ ಮೇಡಮ್ಮೋರೆ?" ಮದುವೆಯಾಗಿಲ್ಲ ಅಂದರೆ ಮಾತು ಬೆಳೆಯುತ್ತದೆ ಅಂತ "ಊರಲ್ಲವ್ರೆ" ಅಂದುಬಿಡುತ್ತಿದ್ದೆ. ಕೋಣೆಗೆ ಬಂದು ಬಾಗಿಲು ಹಾಕಿದರೆ ಮುಗಿಯಿತು, ಒಂದು ನರಪಿಳ್ಳೆಯೂ ನನ್ನ ಜೊತೆ ಮಾತಾಡುವುದಿಲ್ಲ. ಫೋನ್ ಬಂದರೆ ರೀಚಾರ್ಜ್ ಮುಗಿಯುತ್ತದೆ ಅಂತ ನೆನಪಿಸುವ ಯಂತ್ರದ ಹೆಂಗಸು. ಕೆಲವು ಸಲ ಅವಳ ಮಾತನ್ನೂ ಪೂರ್ತಿ ಕೇಳಿಸಿಕೊಂಡಿದ್ದೇನೆ.

ಆ ಊರಿನ ಸಾಲು ಮನೆಗಳ ಕೆಲಸ ಬೇಗ ಮುಗಿಯಿತು. ತೋಟದ ಮನೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿದರೆ ಸಾಕು, ಅಲ್ಲಿಗೆ ಕೇಬಲ್ ಇಲ್ಲ ಅಂತ ತುಮಕೂರಿನಲ್ಲಿದ್ದ ನಮ್ಮ ಮೇಲ್ವಿಚಾರಕ ಮೊದಲೇ ಹೇಳಿದ್ದ. ಗುರುತು ಮಾಡುವುದಕ್ಕೆ ಅಂತಲೇ ನಾನು ಆ ತೋಟದ ಮನೆಗೆ ಹೋದದ್ದು. ದೊಡ್ಡದೊಂದು ತೆಂಗಿನ ತೋಟ ದಾಟಿದ ಮೇಲೆ ಚಿಕ್ಕ ತೋಟ, ಅದರ ನಡುವೆ ಹೆಂಚಿನ ಮನೆ. ಗಂಡನಿಲ್ಲದ ತಾಯಿ, ಮೂವತ್ತರ ಹತ್ತಿರದ ಮಗಳು, ಎರಡು ಹಸು.

"ನಮಗ್ಯಾಕವ್ವ ಇಂಟ್ರುನೆಟ್ಟು? ಫೋನ್ ಮಾಡಿದ್ರೆ ಕೇಳ್ತದೆ, ಅಷ್ಟು ಸಾಕು ಬುಡು" ಅಂದರು ತಾಯಿ.

ಸರಿ ಅಂತ ನಾನು ತಿರುಗಿದೆ. ಮಗಳು ಬಂದು ನನ್ನ ಮೊಣಕೈ ಹಿಡಿದಳು. ಕಿವಿ ತೋರಿಸಿ, ಬಾಯಿ ತೋರಿಸಿ, ಇಲ್ಲ ಅಂತ ಕೈ ಅಲ್ಲಾಡಿಸಿದಳು. ನನ್ನ ಕೈಯಿಂದಲೇ ಫೋನ್ ತೆಗೆದುಕೊಂಡು ಬರೆದಳು: "ನನಗೆ ವಿಡಿಯೋ ಬೇಕು. ಇಲ್ಲಿ ವಿಡಿಯೋ ನಿಲ್ಲುತ್ತದೆ. ಮುಖ ಒಡೆಯುತ್ತದೆ, ಕೈ ಒಡೆಯುತ್ತದೆ. ಕೈ ಒಡೆದರೆ ಮಾತು ಗೊತ್ತಾಗುವುದಿಲ್ಲ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಕಿವುಡ ಮಕ್ಕಳ ಶಾಲೆಯ ಹಾಸ್ಟೆಲ್‌ನಲ್ಲಿ ಬೆಳೆದವಳು. ಅವಳ ಗೆಳತಿಯರು ಒಬ್ಬೊಬ್ಬರು ಒಂದೊಂದು ಜಿಲ್ಲೆಯಲ್ಲಿ. ಎಲ್ಲರಿಗೂ ಮಾತೆಂದರೆ ಕೈ, ಅದನ್ನು ಕಣ್ಣಿಂದ ನೋಡಬೇಕು. ಊರಿನವರಿಗೆಲ್ಲ ಸಾಕಾಗುವ ಸಿಗ್ನಲ್ಲು ಅವಳಿಗೆ ಒಂದು ವಾಕ್ಯಕ್ಕೂ ಸಾಲುತ್ತಿರಲಿಲ್ಲ. ಮೊದಲು ವಾರಕ್ಕೊಂದು ಸಲ ಬಸ್ ಹತ್ತಿ ಕಿಬ್ಬನಹಳ್ಳಿ ಕ್ರಾಸ್‌ಗೆ ಹೋಗಿ, ಬೇಕರಿ ಹಿಂದೆ ನಿಂತು ಗೆಳತಿಯ ಜೊತೆ ಮಾತಾಡಿ ಬರುತ್ತಿದ್ದಳಂತೆ.

"ಈಗ ಹೋಗಲ್ವಾ?" ಅಂತ ತಾಯಿಯನ್ನು ಕೇಳಿದೆ.

"ನಾನೇ ಬಿಡಿಸ್ದೆ ಕಣವ್ವ. ಯಾರೋ ದೊಡ್ಡೋರು ನೋಡಿದ್ರಂತೆ, ಬಂದು ಹೇಳಿದ್ರು. ನಿನ್ ಮಗ್ಳು ರೋಡ್‌ನಾಗೆ ಒಬ್ಳೇ ನಿಂತ್ಕಂಡು ಕೈ ಬೀಸ್ತಾ ನಗ್ತವ್ಳೆ, ತಲೆ ಕೆಟ್ಟೈತೆ, ಹೊರಗೆ ಬಿಡ್ಬ್ಯಾಡ ಅಂತ. ಮದ್ವೆ ಆಗ್ಬೇಕಾದ ಹುಡ್ಗಿ, ಜನ ಏನಂತಾರೆ? ಅವತ್ತಿಂದ ಮಂಕಾಗಿ ಕುಂತವ್ಳೆ. ಉಣ್ಣು ಅಂದ್ರೆ ಉಣ್ತಾಳೆ, ಅಷ್ಟೆ."

ಮಗಳು ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ಇಡೀ ದಿನ ಮಾತಾಡಿ ಬಂದು ಸಂಜೆ ಯಾರೂ ಇಲ್ಲ ಅಂತ ಗೋಳಾಡುವವಳು ನಾನು; ಇವಳಿಗೆ ಇಡೀ ದಿನವೂ ಇಲ್ಲ, ಸಂಜೆಯೂ ಇಲ್ಲ. ಮೀಸಲು ಸುರುಳಿ ಈ ಮನೆಗೇ ಬರಬೇಕು ಅಂತ ಅಲ್ಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ತೀರ್ಮಾನಿಸುವ ಹಕ್ಕು ನನ್ನದಲ್ಲ ಅನ್ನುವುದು ಗೊತ್ತಿದ್ದೂ ಮಾಡಿಕೊಂಡೆ.

ಮೊದಲ ಸಭೆ ಶಾಲೆಯ ಜಗಲಿಯಲ್ಲಿ ನಡೆಯಿತು. ಊರಿನ ದೊಡ್ಡ ತೋಟದ ಹಿರಿಯರು ಮುಂದೆ ಕೂತಿದ್ದರು. ಎಲ್ಲರೂ ಅವರನ್ನು ಯಜಮಾನ್ರು ಅನ್ನುತ್ತಿದ್ದರು. ನಾನು ದಾಟಿಕೊಂಡು ಹೋದ ದೊಡ್ಡ ತೋಟ ಅವರದೇ. ಅವರು ಸುರುಳಿಯನ್ನು ಊರಿನ ಆ ಕೊನೆಯಲ್ಲಿದ್ದ ತಮ್ಮ ಮನೆಗೆ ಕೇಳಿದರು. ಅಟ್ಟಕ್ಕೆ ಕ್ಯಾಮೆರಾ ಹಾಕಿಸಬೇಕಂತೆ. ಅವರ ಬೇಡಿಕೆ ಸುಳ್ಳಲ್ಲ. ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷವಿಡೀ ಕೂತು ಒಣಗಿದರೇ ಉಂಡೆ ಕೊಬ್ಬರಿ. ಒಬ್ಬ ಕಳ್ಳ ಅಟ್ಟ ಹತ್ತಿದರೆ ಇಡೀ ವರ್ಷದ ಬದುಕು ಮೂಟೆಯಲ್ಲಿ ಹೋಗುತ್ತದೆ, ಆ ಊರಿನಲ್ಲಿ ಹೋಗಿಯೂ ಇತ್ತು. ನೆರೆದವರೆಲ್ಲ ತಲೆಯಾಡಿಸಿದರು.

ನಾನು ತೋಟದ ಮನೆಯ ಹೆಸರು ಎತ್ತಿದೆ.

"ಅಲ್ಲ ಮೇಡಮ್ಮೋರೆ, ಆ ಹುಡ್ಗೀಗೆ ಕಿವೀನೇ ಕೇಳಲ್ಲ. ಅವ್ಳಿಗ್ಯಾಕೆ ಫೋನು?" ಅಂದರು ಯಜಮಾನರು. ಜಗಲಿಯೆಲ್ಲ ನಕ್ಕಿತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಕಿವಿ ಇದ್ದೋರು ಕೇಳಿಸ್ಕೊಂಡು ಉದ್ಧಾರ ಆಗಿದ್ದು ಕಾಣ್ತಾ ಇದೆಯಲ್ಲ" ಅಂದುಬಿಟ್ಟೆ. ನಗು ನಿಂತಿತು. ನಾನೂ ಅಲ್ಲಿಗೇ ನಿಲ್ಲಿಸಬೇಕಿತ್ತು. ಅದರ ಬದಲು, ಅವಳ ಮನೆಗೆ ಕೇಬಲ್ ಹೋಗಬೇಕಾದರೆ ನಿಮ್ಮ ತೋಟದಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ ಅಂತಲೂ ಹೇಳಿದೆ.

"ನನ್ ತೋಟದಾಗೆ ಗುದ್ದಲಿ ಹಾಕಂಗಿಲ್ಲ. ಬೇರು ಕಡಿದ್ರೆ ಮರ ಸೊರಗ್ತದೆ. ಮರಕ್ಕೆ ಮೊಳೆಯೂ ಹೊಡೆಯಂಗಿಲ್ಲ." ಅವರು ಟವೆಲ್ ಕೊಡವಿ ಎದ್ದರು. ತೀರ್ಮಾನವನ್ನು ಮುಂದಿನ ಸಭೆಗೆ ಹಾಕಿಕೊಂಡು ಎಲ್ಲರೂ ಚದುರಿದರು.

ಅವಳನ್ನೇ ಸಭೆಗೆ ಕರೆತಂದು, ಪಂಚಾಯಿತಿಯ ವೈಫೈನಲ್ಲಿ ಎಲ್ಲರ ಎದುರು ಗೆಳತಿಗೆ ಕರೆ ಮಾಡಿಸಿದರೆ ಹೇಗೆ ಅಂತ ಯೋಚಿಸಿದೆ. ಕೈಯ ಮಾತನ್ನು ಕಣ್ಣಾರೆ ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವಳನ್ನೇ ಬರೆದು ಕೇಳಿದೆ. ಅವಳು ಓದಿ ಫೋನ್ ವಾಪಸ್ ಕೊಟ್ಟಳು. ಆಮೇಲೆ ಮತ್ತೆ ಇಸಿದುಕೊಂಡು, "ನೋಡುತ್ತಾರೆ. ನಗುತ್ತಾರೆ. ಬೇಡ" ಅಂತ ಬರೆದಳು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಕೇಬಲ್ಲನ್ನು ಗಾಳಿಯಲ್ಲೇ ಕೊಂಡೊಯ್ಯಬಹುದೇ ಅಂತ ನೋಡಲು, ತಾಯಿ ಮಗಳ ಚಿಕ್ಕ ತೋಟದಲ್ಲೇ ಮರದಿಂದ ಮರಕ್ಕೆ ಪಟ್ಟಿ ಬಿಗಿದು, ಹಳೆಯ ತುಂಡೊಂದನ್ನು ತೂಗುಹಾಕಿದೆ. ಮೊಳೆ ಹೊಡೆಯಲಿಲ್ಲ. ಒಂದು ವಾರ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಗಾಳಿ ಬೀಸಿ, ಒಣಗಿದ ಗರಿಯೊಂದು ಮಟ್ಟೆ ಸಮೇತ ಜಾರಿ ಬಿತ್ತು. ಅದರ ಹಿಂದೆಯೇ ಎರಡು ಕಾಯಿ. ಕೇಬಲ್ ಪಟ್ಟಿಯಿಂದ ಕಿತ್ತು ನೆಲ ಸೇರಿತು, ಒಂದು ಹಸು ಅದನ್ನು ಮೂಸುತ್ತ ನಿಂತಿತ್ತು. ಫೈಬರ್ ಎಂದರೆ ಒಳಗೆ ಕೂದಲೆಳೆಯಷ್ಟು ಗಾಜು. ಒಂದು ತುದಿಯಿಂದ ಕೆಂಪು ಬೆಳಕು ಬಿಟ್ಟು ನೋಡಿದರೆ ಎಲ್ಲೆಲ್ಲಿ ಮುರಿದಿದೆಯೋ ಅಲ್ಲೆಲ್ಲ ಬೆಳಕು ಹೊರಗೆ ಸೋರುತ್ತಿತ್ತು. ತೆಂಗಿನ ಸೀಮೆಯಲ್ಲಿ ತಲೆಯ ಮೇಲಿನ ಕೇಬಲ್ಲಿಗೆ ಆಯುಸ್ಸಿಲ್ಲ.

"ಮೇಡಂ, ಒಂಟಿ ಮನೆ ಬಿಟ್ಟಾಕಿ. ಕ್ಯಾಮೆರಾಗೆ ಕೊಟ್ಟು ಕೈ ತೊಳ್ಕೊಳ್ಳಿ" ಅಂದ ಮೇಲ್ವಿಚಾರಕ.

ಆ ದಿನಗಳಲ್ಲಿ ನನಗೆ ಯಾರ ಮೇಲೂ ಸಿಟ್ಟು ಉಳಿಯುತ್ತಿರಲಿಲ್ಲ, ಬರೀ ಬೇಸರ. ಊರಿನವರು ಚಹಾಕ್ಕೆ ಕರೆಯುವುದನ್ನು ಬಿಟ್ಟರು. ಡೈರಿಯ ಮುಂದೆ ಸ್ಕೂಟರ್ ನಿಲ್ಲಿಸಿದರೆ ಮಾತು ಸಣ್ಣಗಾಗುತ್ತಿತ್ತು. ಒಂದು ಮಧ್ಯಾಹ್ನ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ತಿಪಟೂರಿನಿಂದ ಕಟ್ಟಿಸಿಕೊಂಡು ಬಂದ ಚಿತ್ರಾನ್ನ ತಿನ್ನುತ್ತಿದ್ದೆ. ಪಕ್ಕದಲ್ಲಿ ಚಪ್ಪಡಿ ಮುಚ್ಚಿದ ಹಳೆಯ ಬೋರ್‌ವೆಲ್ಲು. ಅದರ ಬುಡದಿಂದ ಒಂದು ಪಿವಿಸಿ ಪೈಪು ಹೊರಟು, ಯಜಮಾನರ ತೋಟದ ಕಡೆಗೆ ಮುಖ ಮಾಡಿ ಮಣ್ಣಿನೊಳಗೆ ಹೋಗಿತ್ತು. ಎಷ್ಟು ಸಲ ಅದರ ಪಕ್ಕದಲ್ಲೇ ಓಡಾಡಿದ್ದೆನೋ! ಚಿತ್ರಾನ್ನ ಅಲ್ಲೇ ಬಿಟ್ಟು ತೋಟದ ಮನೆಗೆ ಹೋದೆ.

"ಅದು ನಮ್ದೇ ಕಣವ್ವ" ಅಂದರು ತಾಯಿ. "ನಮ್ಮೋರು ಇದ್ದಾಗ ಹಾಕ್ಸಿದ್ದು. ರೋಡಿನ ಪಕ್ಕ ನಮ್ದೊಂದು ತುಂಡು ಜಮೀನೈತೆ, ಅಲ್ಲಿ ನೀರು ಬಿತ್ತು. ಅಲ್ಲಿಂದ ಯಜಮಾನ್ರ ತೋಟದಾಗೆ ಪೈಪ್ ತಂದು ಈ ತೊಟ್ಟಿಗೆ ಬುಟ್ಟಿದ್ರು. ಬೋರು ಬತ್ತಿ ಯಾವ ಕಾಲ ಆಯ್ತೋ."

"ಯಜಮಾನ್ರು ಆಗ ಒಪ್ಪಿದ್ರಾ? ಬೇರು ಕಡೀತದೆ ಅನ್ಲಿಲ್ವಾ?"

"ನೀರಿಗೆ ದಾರಿ ಕೇಳಿದ್ರೆ ಇಲ್ಲ ಅನ್ನಂಗಿಲ್ಲ ಕಣವ್ವ ನಮ್ ಕಡೆ. ತುಟಿ ಪಿಟಕ್ ಅನ್ನದೆ ಅಗ್ಯಕ್ಕೆ ಬುಟ್ರು."

ಒಂದು ತುದಿ ಡಾಂಬರು ರಸ್ತೆಯಲ್ಲಿ, ಇನ್ನೊಂದು ತುದಿ ಇವರ ಹಿತ್ತಿಲಿನ ತೊಟ್ಟಿಯಲ್ಲಿ. ಒಳಗೆ ಬರೀ ಗಾಳಿ. ಒಂದು ಗುದ್ದಲಿ ಹಾಕದೆ, ಒಂದು ಮರ ಮುಟ್ಟದೆ ಕೇಬಲ್ ತೂರಿಸಬಹುದು. ಖುಷಿ ತಡೆಯಲಾರದೆ ಮೇಲ್ವಿಚಾರಕನಿಗೆ ಫೋನ್ ಮಾಡಿದೆ. ಅವನಿಗೂ ಉತ್ಸಾಹ ಬಂತು. "ಪೈಪು ಅವರದ್ದೇ ತಾನೆ? ಸುಮ್ನೆ ತೂರಿಸಿ. ಆ ಮುದುಕಪ್ಪಂಗೆ ಹೇಳೋದೇ ಬೇಡ. ಎಳೆದ ಮೇಲೆ ಸಭೇಲಿ ನಾನು ನೋಡ್ಕೋತೀನಿ."

ಒಂದು ಕ್ಷಣ ಹಾಗೇ ಮಾಡೋಣ ಅನ್ನಿಸಿತು. ಯಜಮಾನರ ಮುಖಕ್ಕೆ ಹೊಡೆದಂತೆಯೂ ಆಗುತ್ತಿತ್ತು. ಆದರೆ ಕೇಬಲ್ ತೂರಿಸಿ ನಾನು ಗಂಟು ಕಟ್ಟಿಕೊಂಡು ಇನ್ನೊಂದು ಊರಿಗೆ ಹೋಗುವವಳು. ಈ ಸೀಮೆಯಲ್ಲಿ ನನ್ನನ್ನು ಕಾಯುವವರು ಯಾರೂ ಇಲ್ಲ, ನಾನು ಮುಖ ತೋರಿಸಬೇಕಾದವರೂ ಯಾರೂ ಇಲ್ಲ. ತಾಯಿ ಮಗಳು ಹಾಗಲ್ಲ. ಅವರು ದಿನಾ ಯಜಮಾನರ ತೋಟದ ಬದುವಿನ ಮೇಲೇ ನಡೆದು ಡೈರಿಗೆ ಹಾಲು ಹಾಕಬೇಕು. ಒಂದು ದಿನ ಯಜಮಾನರು ಸಿಟ್ಟಿನಲ್ಲಿ ಪೈಪು ಕಡಿದರೆ ಕೇಳುವುದಕ್ಕೆ ನಾನಿರುವುದಿಲ್ಲ. ಕೇಳಿಯೇ ಎಳೆಯುವುದು, ಇಲ್ಲವೆಂದರೆ ಬಿಡುವುದು ಅಂತ ನಿರ್ಧರಿಸಿ, ಮಾರನೆಯ ದಿನ ಬೆಳಿಗ್ಗೆ ಯಜಮಾನರ ಮನೆಗೆ ಹೋದೆ.

ಅವರು ಅಟ್ಟದಿಂದ ಇಳಿಸಿದ ಕಾಯಿಗಳ ರಾಶಿಯ ಮುಂದೆ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಕುಲುಕುತ್ತಿದ್ದರು. ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಕೊಬ್ಬರಿಯಾಗಿದೆ ಅಂತ. ಕೂರಲು ಹೇಳಲಿಲ್ಲ. ನಾನೇ ಮೆಟ್ಟಿಲ ಮೇಲೆ ಕೂತು ಪೈಪಿನ ವಿಚಾರ ಹೇಳಿದೆ.

"ಆ ಹುಡ್ಗೀಗೋಸ್ಕರ ಇಷ್ಟೆಲ್ಲಾನಾ?" ಅಂದರು. "ನೀವು ಹೊರಗಿನೋರು, ನಿಮ್ಗೆ ಗೊತ್ತಿಲ್ಲ. ಆ ಮಗೀಗೆ ತಲೆ ನೆಟ್ಟಗಿಲ್ಲ ಕಣ್ರಮ್ಮ. ಕ್ರಾಸ್‌ನಾಗೆ ಬೇಕರಿ ಹಿಂದೆ ಫೋನ್ ಗೋಡೆಗೊರಗಿಸ್ಕಂಡು, ಒಬ್ಳೇ ಕೈ ಬೀಸ್ತಾ, ನಗ್ತಾ ನಿಂತಿದ್ಲು. ನಾನೇ ಕಣ್ಣಾರೆ ಕಂಡಿದೀನಿ. ನೆರೆಯೋನಲ್ವಾ, ಹೋಗಿ ಅವ್ರವ್ವಂಗೆ ಹೇಳ್ದೆ."

ಹಾಗಾದರೆ ಆ ದೊಡ್ಡೋರು ಇವರೇ. ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ಅದ್ಯಾವ ದೇವರು ತಡೆದನೋ, ಮೆಲ್ಲಗೆ ಹೇಳಿದೆ:

"ಅವಳು ಮಾತಾಡ್ತಿದ್ಲು ಯಜಮಾನ್ರೆ."

"ಯಾರ್ ಜೊತೆ?"

"ಫೋನಿನಲ್ಲಿ ಅವಳ ಗೆಳತಿ ಇದ್ದಳು. ಅವಳಿಗೂ ಕಿವಿ ಕೇಳಲ್ಲ. ಇಬ್ಬರೂ ಕೈಯಲ್ಲೇ ಮಾತಾಡ್ತಾರೆ. ನಾವು ಬಾಯಲ್ಲಿ ಆಡೋದೆಲ್ಲ ಅವರು ಕೈಯಲ್ಲಿ ಆಡ್ತಾರೆ."

"ಎಲ್ಲಾನುವೆ?"

"ಎಲ್ಲಾನೂ. ಜಗಳ, ಚಾಡಿ, ತಮಾಷೆ."

ಅವರ ಕೈಯಲ್ಲಿದ್ದ ಕಾಯಿ ಕುಲುಕದೆ ಹಾಗೇ ನಿಂತಿತು. "ಆ ಮಗೀಗೆ ಮಾತಾಡಕ್ಕೆ ಬತ್ತದಾ?" ಅಂದರು. ನನ್ನನ್ನು ಕೇಳಿದ್ದಲ್ಲ. ಕಾಯಿಯನ್ನು ರಾಶಿಗೆ ಇಟ್ಟು, "ಅಂಗಾರೆ ನಾನು ಹೋಗಿ ಹೇಳಿದ್ದು..." ಅಂತ ಶುರು ಮಾಡಿ ಅಲ್ಲಿಗೇ ಬಿಟ್ಟರು. ಅವರ ಮುಖ ನೋಡಲಾಗದೆ ನಾನು ರಾಶಿಯ ಕಡೆ ನೋಡುತ್ತ ಕೂತೆ.

"ಆ ಪೈಪ್‌ನಾಗೆ ನಿಮ್ ಕೇಬಲ್ ಹೋಗಲ್ಲ" ಅಂದರು ಕೊನೆಗೆ. ನಾನು ಮೆಟ್ಟಿಲಿಂದ ಎದ್ದೆ. "ಸಸಿ ಗುಂಡಿ ತೆಗೆಯುವಾಗ ಜೆಸಿಬಿ ತಗುಲಿ ಒಡ್ದೋಗೈತೆ. ನೀರಿಲ್ಲದ ಪೈಪು ಯಾರ್ ಕೇಳ್ತಾರೆ ಅಂತ ಮಣ್ಣು ಮುಚ್ಚಿದ್ದೆ. ಬನ್ನಿ, ಜಾಗ ತೋರಿಸ್ತೀನಿ."

ಕೇಳದೆ ತೂರಿಸಿದ್ದರೆ ಅಲ್ಲಿಗೇ ಬಂದು ಸಿಕ್ಕಿಕೊಳ್ಳುತ್ತಿದ್ದೆವು.

ಎರಡನೆಯ ಸಭೆ ಬೇಗ ಮುಗಿಯಿತು. ಯಜಮಾನರು ಎದ್ದು, "ನನ್ ಅಟ್ಟದ ಕೆಳಗೆ ಇಷ್ಟ್ ವರ್ಷ ನಾನೇ ಮಲಗಿದೀನಿ, ಇನ್ಮುಂದೂ ಮಲಕ್ಕತೀನಿ. ಸುರುಳಿ ತೋಟದ ಮನೆಗೆ ಹೋಗ್ಲಿ" ಅಂದರು. ಯಾರೋ ಒಬ್ಬರು ಅದು ನೀರಿಗೆ ಅಂತ ಕೊಟ್ಟ ದಾರಿಯಲ್ವಾ ಅಂತ ಗೊಣಗಿದರು. "ದಾರಿ ಕೊಟ್ಟಿದ್ದು ನಾನು. ಕೊಟ್ಟ ಮೇಲೆ ಅದ್ರಾಗೆ ಏನ್ ಹೋಗ್ತದೆ ಅಂತ ಬಗ್ಗಿ ನೋಡಲ್ಲ ಕಣ್ಲಾ" ಅಂದು ಕೂತರು.

ಕೇಬಲ್ ಎಳೆಯಲು ತಿಪಟೂರಿನ ಮೆಕ್ಯಾನಿಕ್ ಒಬ್ಬರನ್ನು ಕರೆತಂದೆ. ಬೋರ್‌ವೆಲ್ ತೊಳೆಯುವ ಕಂಪ್ರೆಸರ್ ಇಟ್ಟುಕೊಂಡ ಸಾಬರು. ಒಡೆದ ಜಾಗಕ್ಕೆ ಹೊಸ ತುಂಡು ಹಾಕಿ ಅಂಟಿಸಿದ್ದಾಗಿತ್ತು. ರಸ್ತೆ ತುದಿಯಲ್ಲಿ ಹತ್ತಿಯ ಉಂಡೆಗೆ ಪ್ಲಾಸ್ಟಿಕ್ ಸುತ್ತಿ, ಅದಕ್ಕೆ ನೈಲಾನ್ ದಾರ ಕಟ್ಟಿ, ಪೈಪಿನೊಳಗೆ ತುರುಕಿ ಹಿಂದಿನಿಂದ ಗಾಳಿ ಬಿಟ್ಟೆವು. ಗಾಳಿ ಉಂಡೆಯನ್ನು ತಳ್ಳಬೇಕು, ಉಂಡೆ ದಾರವನ್ನು ಎಳೆಯಬೇಕು. ಆಚೆ ತುದಿಗೆ ಬಂದ ದಾರಕ್ಕೆ ಹಗ್ಗ, ಹಗ್ಗಕ್ಕೆ ಕೇಬಲ್ ಕಟ್ಟಿ ಎಳೆದರಾಯಿತು. ದಾರ ಸರಸರ ಓಡಿ ನಡುವೆ ನಿಂತೇ ಬಿಟ್ಟಿತು.

"ಅರೆ ಮೇಡಂ, ಇದು ಮುಂದಕ್ಕೆ ಹೋಗಲ್ಲ. ಜಾಸ್ತಿ ಪ್ರೆಷರ್ ಕೊಟ್ರೆ ಪೈಪೇ ಸೀಳ್ತದೆ" ಅಂದರು ಸಾಬರು.

ಒಳಗೆ ಹೋದ ದಾರದ ಉದ್ದವನ್ನು ನೆಲದ ಮೇಲೆ ಅಳೆದುಕೊಂಡು ಹೋದರೆ, ಯಜಮಾನರ ತೋಟದ ನಟ್ಟನಡುವೆ, ಪೈಪು ತಿರುಗುವ ಜಾಗಕ್ಕೆ ಬಂದು ನಿಂತೆ. ತಿರುವಿನಲ್ಲಿ ಬೇರೋ ಕೆಸರೋ ಕಟ್ಟಿಕೊಂಡಿರಬೇಕು. ಎರಡೂ ಕಡೆ ಕಾಯಿ ತುಂಬಿದ ಮರ. ನಾನು ಯಜಮಾನರ ಕಡೆ ನೋಡಿದೆ. ಅವರು ಪಂಚೆ ಎತ್ತಿ ಕಟ್ಟಿ, ಕೈಗೆ ಗುದ್ದಲಿ ತೆಗೆದುಕೊಂಡು, "ನೀವು ಬೇರು ಕಡೀತೀರಿ, ಸರ್ಕಳಿ" ಅಂತ ತಾವೇ ಅಗೆಯತೊಡಗಿದರು. ತಿರುವನ್ನು ಬಿಚ್ಚಿದಾಗ ಒಳಗಿನಿಂದ ಒಂದು ಹಿಡಿ ಕಪ್ಪು ಬೇರು, ಕೆಸರು ಬಂತು. ಇನ್ನೊಮ್ಮೆ ಗಾಳಿ ಬಿಟ್ಟಾಗ, ತೊಟ್ಟಿಯ ಹತ್ತಿರ ಕಾಯುತ್ತಿದ್ದ ಮಗಳು ದಾರದ ಉಂಡೆ ಎತ್ತಿ ಹಿಡಿದುಕೊಂಡು ಮರಗಳ ನಡುವೆ ಓಡಿ ಬಂದಳು. ಯಜಮಾನರು ಅವಳನ್ನು ನೋಡಿ ಏನೋ ಹೇಳಹೊರಟು, ಹೇಗೆ ಹೇಳಬೇಕೆಂದು ತಿಳಿಯದೆ, ಕೈಯ ಮಣ್ಣು ಒರೆಸಿಕೊಂಡರು. ಆಮೇಲೆ ಸುಮ್ಮನೆ ಕೈ ಮುಗಿದರು. ಅವಳಿಗೆ ಅದು ಯಾಕೆಂದು ಗೊತ್ತಾಗಲಿಲ್ಲ. ಅವಳೂ ಮುಗಿದಳು.

ಕೇಬಲ್ ಜೋಡಿಸಿ, ಬೆಳಕು ಸರಿಯಾಗಿ ತಲುಪುತ್ತಿದೆಯೇ ಅಂತ ಮೀಟರಿನಲ್ಲಿ ನೋಡಿ, ಗೋಡೆಗೆ ಪೆಟ್ಟಿಗೆ ಹಾಕಿದ್ದು ಮರುದಿನ ಮಧ್ಯಾಹ್ನ. ಹಸಿರು ದೀಪ ಹತ್ತಿದ್ದೇ ಅವಳು ಫೋನನ್ನು ಕಿಟಕಿಗೆ ಒರಗಿಸಿ ಗೆಳತಿಗೆ ಕರೆ ಮಾಡಿದಳು. ದಾವಣಗೆರೆ ಕಡೆ ಎಲ್ಲೋ, ಹೊಲಿಗೆ ಯಂತ್ರದ ಮುಂದೆ ಕೂತ ಒಬ್ಬ ಹೆಂಗಸು. ಅವಳು ಮೊದಲು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಶುರುವಾಯಿತು ನೋಡಿ. ಇವಳ ಕೈ, ಭುಜ, ಹುಬ್ಬು, ತುಟಿ ಎಲ್ಲವೂ ಒಟ್ಟಿಗೆ ಹೊರಟವು. ಗೆಳತಿ ಏನೋ ಅಂದರೆ ಇವಳು ತೊಡೆ ತಟ್ಟಿ ನಗುತ್ತಾಳೆ, ಇವಳು ಬೈದರೆ ಅವಳು ಮುಖ ತಿರುಗಿಸುತ್ತಾಳೆ. ನಾನು ಕಂಡಿದ್ದ ಮಂಕು ಹುಡುಗಿ ಇವಳೇನಾ ಅನ್ನಿಸಿತು.

ತಾಯಿ ಬಾಗಿಲಲ್ಲಿ ನಿಂತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಪಕ್ಕ ಜಗಲಿಯಲ್ಲಿ ಕೂತು, "ಇಷ್ಟೊಂದು ಮಾತಾಡ್ತಾಳಾ ಇವ್ಳು?" ಅಂದರು. "ನನ್ ಕೂಡೆ ಉಂಡ್ಯಾ, ಹಸ ಕಟ್ದ್ಯಾ, ಬಾ, ಹೋಗು, ಇಷ್ಟೇ ಕಣವ್ವ ಆಡಿದ್ದು. ಇಷ್ಟು ಮಾತು ಮಡೀಕಂಡು ಈ ಮನೇಲಿ ನನ್ ಜೊತೇಲಿ ಇದ್ಲಾ?" ಸೆರಗು ಬಾಯಿಗೆ ಒತ್ತಿಕೊಂಡರು. ಸಂತೋಷದ ಅಳು ಅಲ್ಲ ಅದು. ಆಮೇಲೆ ಕೇಳಿದರು, "ಏನಂತವ್ಳೆ?"

"ನಂಗೂ ಗೊತ್ತಾಗಲ್ಲ ಕಣಮ್ಮ" ಅಂದೆ. ಬಾಯಿ ಬರುವ ನಾವಿಬ್ಬರೂ ಮೂಕರಾಗಿ ಕೂತಿದ್ದೆವು.

ಮಗಳು ತಿರುಗಿ ನೋಡಿದಳು. ತಾಯಿಯ ಕಣ್ಣು ಕಂಡು, ಗೆಳತಿಗೆ ಏನೋ ಹೇಳಿ, ಫೋನನ್ನು ಈ ಕಡೆ ತಿರುಗಿಸಿದಳು. ಪರದೆಯ ಹೆಂಗಸು ತಾಯಿಗೆ ನಮಸ್ಕಾರ ಮಾಡಿದಳು. ತಾಯಿಗೆ ಗಾಬರಿಯಾಯಿತು. ಕೈ ಮುಗಿದರು, ಆಮೇಲೆ ಏನು ಮಾಡಬೇಕೋ ತೋಚದೆ, ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಊಟ ಆಯ್ತಾ ಅನ್ನುವಂತೆ ಗದ್ದ ಎತ್ತಿದರು. ಆ ಹೆಂಗಸು ನಗುತ್ತ ತಲೆಯಾಡಿಸಿ, ಮುದ್ದೆ ಮುರಿಯುವಂತೆ ಮಾಡಿ ಬೇಡ ಅಂತ ಕೈಯಾಡಿಸಿದಳು. ಆಮೇಲೆ ಬೆರಳಲ್ಲಿ ಕಲಸಿ ತೋರಿಸಿದಳು.

ತಾಯಿ ನನ್ನ ತೋಳು ಗಟ್ಟಿಯಾಗಿ ಹಿಡಿದರು. "ಆಯ್ತಂತೆ ಕಣವ್ವ! ಮುದ್ದೆ ಅಲ್ವಂತೆ, ಅನ್ನವಂತೆ."

ತೋಳು ಬಿಟ್ಟು ಎದ್ದು, ಫೋನಿನ ಮುಂದೆ ಮಗಳ ಪಕ್ಕಕ್ಕೆ ಹೋಗಿ ಕೂತರು. ನಾನು ಚೀಲಕ್ಕೆ ಮೀಟರು, ಕತ್ತರಿ, ಉಳಿದ ಪಟ್ಟಿಗಳನ್ನು ತುಂಬಿಕೊಂಡು ಅಂಗಳಕ್ಕೆ ಇಳಿದೆ. ಹೊರಟೆ ಅಂತ ಒಂದು ಸಲ ಹೇಳಿದೆ. ಇಬ್ಬರಿಗೂ ಕೇಳಿಸಲಿಲ್ಲ.